ನೋವು ನಿಲ್ಲುವ ಗೆರೆ

ನಮ್ಮೆಲ್ಲರ ಒಡಲೊಳಗೂ ಒಂದು ಗೆರೆ ಇದೆ. ಗುದದ್ವಾರದಿಂದ ಸುಮಾರು ಎರಡು ಸೆಂಟಿಮೀಟರ್ ಒಳಗೆ, ಅಂಚೆಲ್ಲ ಹಲ್ಲು ಹಲ್ಲಾಗಿ, ನಾಳದ ಸುತ್ತ ಓಡುವ ಗೆರೆ. ಅದರ ಕೆಳಗೆ ಸೂಜಿಯ ಮೊನೆ ಸೋಕಿದರೂ ಜೀವ ಬಾಯಿಗೆ ಬರುತ್ತದೆ. ಅದರ ಮೇಲೆ? ಸೂಜಿ ಚುಚ್ಚಿ ತೆಗೆದರೂ ಚುಚ್ಚಿದ್ದು ಗೊತ್ತಾಗುವುದಿಲ್ಲ! ಅದೇ ದೇಹ, ಅದೇ ನಾಳ, ಕೆಲವೇ ಮಿಲಿಮೀಟರ್ ಅಂತರ. ಇತ್ತ ನೋವಿನ ನಾಡು, ಅತ್ತ ನೋವೇ ಇಲ್ಲದ ನಾಡು.

ಇದು ಹೇಗಾಯಿತೆಂದು ತಿಳಿಯಲು ತಾಯಿಯ ಗರ್ಭಕ್ಕೇ ಹೋಗಬೇಕು. ಭ್ರೂಣದಲ್ಲಿ ಮೇಲಿನಿಂದ ಕರುಳಿನ ಕೊಳವೆ ಇಳಿದುಬರುತ್ತದೆ, ಹೊರಗಿನಿಂದ ಚರ್ಮ ಸಣ್ಣ ಗುಳಿಯಾಗಿ ಒಳಕ್ಕೆ ಸರಿಯುತ್ತದೆ. ಇವೆರಡೂ ಕೂಡಿದ ಜಾಗವೇ ಆ ಗೆರೆ. ಮೇಲಿನ ಭಾಗಕ್ಕೆ ಕರುಳಿನ ನರಗಳು. ಅವಕ್ಕೆ ಹಿಗ್ಗಿದ್ದು ಗೊತ್ತಾಗುತ್ತದೆ, ಕತ್ತರಿಸಿದ್ದು ಗೊತ್ತಾಗುವುದಿಲ್ಲ. ಕೆಳಗಿನ ಭಾಗಕ್ಕೆ ಚರ್ಮದ ನರಗಳು. ಅವಕ್ಕೆ ಬೆರಳ ತುದಿಯಷ್ಟೇ ಚುರುಕು. ಮೂಲವ್ಯಾಧಿಯವರಿಗೆ ಇದರ ಅನುಭವ ಚೆನ್ನಾಗಿಯೇ ಇರುತ್ತದೆ. ಒಳಗಿನ ಮೂಲದಿಂದ ರಕ್ತ ಹೋದರೂ ನೋಯದೆ ಇರಬಹುದು, ಅದೇ ಗುದದ್ವಾರದ ಅಂಚಿನಲ್ಲಿ ಒಂದು ಸಣ್ಣ ಬಿರುಕು ಬಿಟ್ಟರೆ ಕೂರಲೂ ಆಗುವುದಿಲ್ಲ. ಒಳಮೂಲಕ್ಕೆ ರಬ್ಬರ್ ಬ್ಯಾಂಡ್ ಹಾಕುವ ಚಿಕಿತ್ಸೆಯನ್ನು ಅರಿವಳಿಕೆಯಿಲ್ಲದೆ ಹೊರರೋಗಿ ವಿಭಾಗದಲ್ಲೇ ಮಾಡಿ ಕಳುಹಿಸುವುದು ಸಾಧ್ಯವಾಗಿರುವುದೂ ಈ ಗೆರೆಯ ದಯೆಯಿಂದ.

ಈ ಗೆರೆಯ ಮಾತು ಎತ್ತಿದ್ದು ಪ್ರಾಸ್ಟೇಟ್ ಬಯಾಪ್ಸಿಗಾಗಿ, ಅಂದರೆ ಪ್ರಾಸ್ಟೇಟ್ ಗ್ರಂಥಿಯಿಂದ ಸೂಜಿಯಲ್ಲಿ ತುಣುಕು ತೆಗೆದು ಪರೀಕ್ಷಿಸುವುದಕ್ಕಾಗಿ. ಐವತ್ತು ಅರವತ್ತು ದಾಟಿದ ಗಂಡಸರು, ಪಿಎಸ್‌ಎ ರಕ್ತಪರೀಕ್ಷೆಯ ವರದಿ ಕೈಯಲ್ಲಿ ಹಿಡಿದು, ಡಾಕ್ಟರ ಬಾಯಿಂದ ಕೇಳಿದೊಡನೆ ಮುಖ ಸಪ್ಪೆ ಮಾಡಿಕೊಳ್ಳುವ ಪದ ಅದು. ಕ್ಯಾನ್ಸರಿನ ಭಯ ಒಂದು ಕಡೆ. ಅದನ್ನು ಪತ್ತೆ ಮಾಡುವ ಸೂಜಿಯ ಭಯ, ಹೇಳಿಕೊಳ್ಳಲಾಗದ ಜಾಗದ ನಾಚಿಕೆ ಇನ್ನೊಂದು ಕಡೆ. ಎಷ್ಟೋ ಮಂದಿ ಆ ಭಯಕ್ಕೇ ತಿಂಗಳುಗಟ್ಟಲೆ ಮುಂದೂಡುತ್ತಾರೆ. ಅವರಿಗೆಲ್ಲ ಹೇಳಬೇಕು ಅನಿಸುವ ಕಥೆಯೊಂದಿದೆ. ಆ ಸೂಜಿಯ ನೋವನ್ನು ಒಂದೊಂದೇ ಮೆಟ್ಟಿಲಾಗಿ ಇಳಿಸಿದ ಕಥೆ. ಅದರಲ್ಲಿ ಸ್ವೀಡನ್ನಿನ ಬಾರ್ಲಿ ಗಿಡ ಬರುತ್ತದೆ, ಹಾಲೆಂಡಿನ ನಿವೃತ್ತ ಪ್ರೊಫೆಸರ್ ಬರುತ್ತಾರೆ, ಎವರೆಸ್ಟ್ ಶಿಖರವೂ ಬರುತ್ತದೆ!

ಮೊದಲು ಅಂಗದ ಪರಿಚಯ. ಪ್ರಾಸ್ಟೇಟ್ ಅಕ್ರೋಟಿನ ಗಾತ್ರದ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿದೆ. ಅದರ ಬೆನ್ನಿಗೆ ಅಂಟಿಕೊಂಡಂತೆ ಗುದನಾಳ. ಹೊಟ್ಟೆಯ ಕಡೆಯಿಂದ ಅದನ್ನು ಮುಟ್ಟುವುದು ಕಷ್ಟ, ಸುತ್ತ ಮೂಳೆಯ ಕೋಟೆ. ಉಳಿದ ದಾರಿ ಎರಡೇ. ಒಂದು, ಗುದನಾಳದ ಗೋಡೆಯ ಮೂಲಕ. ಇನ್ನೊಂದು, ವೃಷಣಕ್ಕೂ ಗುದದ್ವಾರಕ್ಕೂ ನಡುವಿನ ಚರ್ಮದ ಮೂಲಕ. 1922ರಲ್ಲಿ ನ್ಯೂಯಾರ್ಕಿನ ಬೆಂಜಮಿನ್ ಬ್ಯಾರಿಂಜರ್ ಚರ್ಮದ ದಾರಿ ಹಿಡಿದರು. 1937ರಲ್ಲಿ ಅರ್ಜೆಂಟೀನಾದ ಅಸ್ಟ್ರಾಲ್ಡಿ ಗುದನಾಳದ ದಾರಿ ತೋರಿಸಿದರು. ಆಗ ಕಣ್ಣು ಅಂದರೆ ಬೆರಳೇ. ಬೆರಳಿಗೆ ಗಂಟು ತಾಗಿದ ಕಡೆ ದಪ್ಪ ಸೂಜಿ ಹೋಗುತ್ತಿತ್ತು.

1960ರ ದಶಕದ ಕೊನೆಯಲ್ಲಿ ಜಪಾನಿನ ಹಿರೋಕಿ ವಾತಾನಾಬೆ ಒಂದು ವಿಚಿತ್ರ ಕುರ್ಚಿ ಮಾಡಿಸಿದರು. ಅದರ ನಡುವಿನಿಂದ ಅಲ್ಟ್ರಾಸೌಂಡಿನ ಕಡ್ಡಿ ಮೇಲೆದ್ದು ನಿಂತಿರುತ್ತಿತ್ತು, ರೋಗಿ ಅದರ ಮೇಲೆ ಕೂರಬೇಕು. ಕೂತವರಿಗೆ ಹೇಗಾಗಿರಬೇಡ! ಆದರೆ ಪ್ರಾಸ್ಟೇಟಿನ ಒಳಗು ಉಪಯೋಗಕ್ಕೆ ಬರುವಷ್ಟು ಸ್ಪಷ್ಟವಾಗಿ ಪರದೆಯ ಮೇಲೆ ಮೂಡಿದ್ದು ಅಲ್ಲಿಂದ. ಮುಂದೆ 1980ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಲಿಂಡ್‌ಗ್ರೆನ್ ಸ್ಪ್ರಿಂಗಿನಿಂದ ಚಿಮ್ಮುವ ಬಯಾಪ್ಸಿ ಗನ್ ಕೊಟ್ಟರು. ಸೂಜಿಯ ದಪ್ಪ ಸುಮಾರು 1.2 ಮಿಲಿಮೀಟರಿಗೆ ಇಳಿಯಿತು. ಟಪ್ ಎಂದು ಸದ್ದಾಗುವಷ್ಟರಲ್ಲಿ ಸೂಜಿ ಹೋಗಿ, ದಾರದೆಳೆಯಂಥ ಒಂದು ತುಣುಕು ಕತ್ತರಿಸಿ, ನಿಂತಿರುತ್ತದೆ. 1989ರಲ್ಲಿ ಸ್ಟ್ಯಾನ್‌ಫರ್ಡ್‌ನ ಹಾಜ್, ಸ್ಟೇಮಿ ಮತ್ತು ಸಂಗಡಿಗರು, ಗಂಟು ಕಂಡಲ್ಲಿ ಮಾತ್ರ ಚುಚ್ಚಿದರೆ ಸಾಲದು, ಗ್ರಂಥಿಯ ಆರು ಕಡೆಯಿಂದ ಲೆಕ್ಕಾಚಾರವಾಗಿ ತುಣುಕು ತೆಗೆಯಬೇಕು ಎಂದು ತೋರಿಸಿದರು. ಆರು ಮುಂದೆ ಹತ್ತಾಯಿತು, ಹನ್ನೆರಡಾಯಿತು.

ಹನ್ನೆರಡು ಸಲ ಟಪ್!

ಇದನ್ನೆಲ್ಲ ಬಹುಕಾಲ, ಬಹಳ ಕಡೆ, ಅರಿವಳಿಕೆಯೇ ಇಲ್ಲದೆ ಮಾಡುತ್ತಿದ್ದರು. ಏಕೆ? ಉತ್ತರ ಆ ಗೆರೆಯಲ್ಲಿದೆ. ಗುದನಾಳದ ಗೋಡೆಗೆ ಸೂಜಿ ತಿಳಿಯುವುದಿಲ್ಲ ತಾನೇ, ಮತ್ತೇಕೆ ಮರಗಟ್ಟಿಸುವ ಔಷಧಿ ಎಂಬುದು ಅಂದಿನ ತರ್ಕ. ತರ್ಕ ಅರ್ಧ ಸರಿ. ಗೋಡೆಗೇನೋ ತಿಳಿಯುವುದಿಲ್ಲ. ಆದರೆ ಗೋಡೆಯಾಚೆ ಪ್ರಾಸ್ಟೇಟಿನ ಹೊದಿಕೆ ಇದೆಯಲ್ಲ, ಅದರ ತುಂಬ ನರಗಳು! ಸೂಜಿ ಗೋಡೆ ದಾಟುವವರೆಗೆ ಸುಮ್ಮನಿದ್ದ ರೋಗಿ ಹೊದಿಕೆಗೆ ತಾಗಿದೊಡನೆ ಬೆಚ್ಚಿಬೀಳುತ್ತಿದ್ದ. ಹಲ್ಲುಕಚ್ಚಿ ಸಹಿಸಿದವರನ್ನು ಕಂಡು, ಇದು ಸಹಿಸಬಹುದಾದ ನೋವು ಎಂದು ಬರೆದುಕೊಂಡ ಕಾಲ ಅದು. ಓದುವಾಗ ಹೊಟ್ಟೆ ತೊಳಸುತ್ತದೆ. ಗಂಡಸರು ಬಾಯಿಬಿಟ್ಟು ಹೇಳಲಿಲ್ಲ, ವೈದ್ಯರು ಬಾಯಿಬಿಟ್ಟು ಕೇಳಲಿಲ್ಲ.

ಹಾಗಾದರೆ ಆ ನರಗಳು ಯಾವ ದಾರಿಯಲ್ಲಿ ಬರುತ್ತವೆ? ಇದಕ್ಕೆ ಉತ್ತರ ಸಿಕ್ಕ ಬಗೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. 1981ರ ಫೆಬ್ರವರಿ, ಹಾಲೆಂಡಿನ ಲೈಡನ್ ನಗರ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಶಸ್ತ್ರವೈದ್ಯ ಪ್ಯಾಟ್ರಿಕ್ ವಾಲ್ಶ್ ಅಲ್ಲಿಗೆ ಹೋಗಿದ್ದಾರೆ. ಪೀಟರ್ ಡಾಂಕರ್ ಎಂಬ ಪ್ರೊಫೆಸರ್ ನಿವೃತ್ತಿಯ ನಂತರವೂ ಪ್ರಯೋಗಾಲಯ ಬಿಟ್ಟಿಲ್ಲ. ಹುಟ್ಟುವ ಮೊದಲೇ ತೀರಿಕೊಂಡ ಗಂಡುಶಿಶುಗಳ ದೇಹದಲ್ಲಿ ಮೂತ್ರಕೋಶದ ನರಗಳನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಾರೆ. ಶಿಶುವಿನ ದೇಹವೇ ಏಕೆಂದರೆ, ದೊಡ್ಡವರ ಶವದಲ್ಲಿ ಮೇಲಿನ ಅಂಗಾಂಗಗಳ ಭಾರಕ್ಕೆ ಕಿಬ್ಬೊಟ್ಟೆಯ ತಳವೆಲ್ಲ ಒತ್ತಿ ಚಪ್ಪಟೆಯಾಗಿ, ನರಗಳು ಗುರುತೇ ಸಿಗದಂತೆ ಅಂಟಿಹೋಗಿರುತ್ತವೆ. ಶಿಶುವಿನಲ್ಲಿ ಅವು ಬಿಡಿಬಿಡಿಯಾಗಿ ಕಾಣುತ್ತವೆ. ಶಿಶ್ನಕ್ಕೆ ಹೋಗುವ ನರ ಎಲ್ಲಿದೆ ಎಂದು ವಾಲ್ಶ್ ಕೇಳಿದರು. ಡಾಂಕರ್ ಅದನ್ನು ಅದುವರೆಗೆ ಹುಡುಕಿರಲಿಲ್ಲ. ಇಬ್ಬರೂ ಕೂತು ಬಿಡಿಸಿದರು. ಕೆಲವೇ ಗಂಟೆಗಳಲ್ಲಿ ಕಣ್ಣೆದುರು ಇತ್ತು: ನರಗಳು ಪ್ರಾಸ್ಟೇಟಿನ ಒಳಗೆ ಹಾಯ್ದು ಹೋಗುವುದಿಲ್ಲ, ಹೊದಿಕೆಯ ಹೊರಗೆ, ಹಿಂಬದಿಯ ಎರಡೂ ಮೂಲೆಗಳಲ್ಲಿ, ರಕ್ತನಾಳಗಳ ಜೊತೆ ಕಟ್ಟಾಗಿ ಸಾಗುತ್ತವೆ!

ಅವರು ಹುಡುಕಿದ್ದು ಬಯಾಪ್ಸಿಗಾಗಿಯಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಗಂಡಸರಿಗೆ ಪುರುಷತ್ವ ಹೋಗದಂತೆ ನರ ಉಳಿಸಬೇಕೆಂಬ ತಹತಹ ವಾಲ್ಶ್ ಅವರದು. 1982ರ ಏಪ್ರಿಲ್ 26ರಂದು ಅವರು ಬಾಲ್ಟಿಮೋರಿನಲ್ಲಿ ಅಂಥ ಮೊದಲ ಶಸ್ತ್ರಚಿಕಿತ್ಸೆ ಮಾಡಿದರು. ಆದರೆ ಒಮ್ಮೆ ನಕ್ಷೆ ಬರೆದ ಮೇಲೆ ಅದು ಬರೆದವರೊಬ್ಬರದೇ ಆಗಿ ಉಳಿಯುತ್ತದೆಯೇ? ಪ್ರಾಸ್ಟೇಟಿಗೆ ನರಗಳು ಬರುವುದೂ ಅದೇ ಕಟ್ಟಿನಿಂದ. ನರ ಹೋಗುವ ದಾರಿ ಗೊತ್ತಾದರೆ ಆ ದಾರಿಯಲ್ಲೇ ನೋವಿನ ಸುದ್ದಿಯನ್ನು ತಡೆಯಬಹುದು.

1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದ ಪುಟ್ಟ ಪ್ರಬಂಧ ಅದನ್ನೇ ಮಾಡಿತು. ಬರೆದವರು ನ್ಯಾಶ್, ಬ್ರೂಸ್, ಇಂದುಧರ ಮತ್ತು ಶಿನೊಹಾರ. ಪ್ರಯೋಗದ ಚೆಲುವು ನೋಡಿ. ನೋವು ಒಬ್ಬೊಬ್ಬರಿಗೆ ಒಂದೊಂದು ತೆರ. ಇವರ ನೋವನ್ನು ಅವರ ನೋವಿನ ಜೊತೆ ತೂಗುವುದು ಹೇಗೆ? ಇವರು ತೂಗಿದ್ದು ಒಬ್ಬನೇ ಮನುಷ್ಯನ ಎಡವನ್ನು ಅವನದೇ ಬಲದ ಜೊತೆ! ಪ್ರಾಸ್ಟೇಟಿನ ಒಂದು ಪಕ್ಕದ ನರದ ಕಟ್ಟಿನ ಬಳಿ ಮರಗಟ್ಟಿಸುವ ಔಷಧಿ ಲಿಡೊಕೇನ್ ಚುಚ್ಚಿದರು, ಇನ್ನೊಂದು ಪಕ್ಕಕ್ಕೆ ಬರೀ ಉಪ್ಪುನೀರು. ಯಾವ ಪಕ್ಕಕ್ಕೆ ಯಾವುದು ಹೋಯಿತೆಂದು ರೋಗಿಗೂ ಗೊತ್ತಿಲ್ಲ, ಬಯಾಪ್ಸಿ ಮಾಡಿದವರಿಗೂ ಗೊತ್ತಿಲ್ಲ. ಪ್ರತಿ ಪಕ್ಕದ ನೋವಿಗೆ ರೋಗಿಯೇ ಅಂಕ ಕೊಟ್ಟ. ಔಷಧಿಯ ಪಕ್ಕದಲ್ಲಿ ನೋವು ಸ್ಪಷ್ಟವಾಗಿ ಕಡಿಮೆ. ಒಂದೇ ಗ್ರಂಥಿ, ಒಂದೇ ಸೂಜಿ, ಒಂದೇ ಮನುಷ್ಯ. ಅರ್ಧಕ್ಕೆ ನೋವು, ಅರ್ಧಕ್ಕೆ ನೆಮ್ಮದಿ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? 2000ದಲ್ಲಿ ಮಯಾಮಿಯ ಮಾರ್ಕ್ ಸೊಲೊವೇ ಈ ವಿಧಾನವನ್ನು ಎತ್ತಿ ಹಿಡಿದ ಮೇಲೆ ಅದು ಜಗತ್ತಿನ ಯೂರಾಲಜಿಸ್ಟರ ಕೈಗೆ ಹರಡಿತು.

ಅದನ್ನು ಮಾಡುವ ಕ್ಷಣವನ್ನೇ ಕಲ್ಪಿಸಿಕೊಳ್ಳಿ. ಎಡಮಗ್ಗುಲಿಗೆ ಮಲಗಿ ಮೊಣಕಾಲು ಎದೆಗೆ ಮಡಚಿದ ರೋಗಿ. ಪರದೆಯ ಮೇಲೆ ಬೂದುಬಣ್ಣದ ಅಲ್ಟ್ರಾಸೌಂಡ್ ಚಿತ್ರ. ಪ್ರಾಸ್ಟೇಟೂ ವೀರ್ಯಕೋಶವೂ ಕೂಡುವ ಮೂಲೆಯಲ್ಲಿ ಒಂದಿಷ್ಟು ಕೊಬ್ಬು, ಅದು ಬೆಳ್ಳಗೆ, ಚೂಪಾಗಿ, ಹಿಮದ ಶಿಖರದಂತೆ ಹೊಳೆಯುತ್ತದೆ. ಯೂರಾಲಜಿಸ್ಟರು ಅದಕ್ಕಿಟ್ಟ ಹೆಸರೇ ‘ಮೌಂಟ್ ಎವರೆಸ್ಟ್ ಚಿಹ್ನೆ’! ಆ ಶಿಖರಕ್ಕೆ ಸಪೂರವಾದ ಉದ್ದ ಸೂಜಿಯ ಮೊನೆ ತಲುಪಬೇಕು. ತಲುಪಿ ಔಷಧಿ ಬಿಟ್ಟರೆ, ಗುದನಾಳದ ಗೋಡೆಯಿಂದ ಪ್ರಾಸ್ಟೇಟ್ ಮೆಲ್ಲನೆ ಬೇರ್ಪಟ್ಟು, ನಡುವೆ ಕಪ್ಪು ಕೊಳವೊಂದು ಉಬ್ಬುವುದು ಪರದೆಯ ಮೇಲೆ ಕಾಣುತ್ತದೆ. ಆ ಉಬ್ಬು ಕಂಡರೆ ಔಷಧಿ ಸರಿಯಾದ ಜಾಗಕ್ಕೆ ಬಿದ್ದಿದೆ. ಎರಡೂ ಪಕ್ಕ ಸೇರಿ ಸಾಮಾನ್ಯವಾಗಿ ಹತ್ತು ಮಿಲಿಲೀಟರ್ ಆಸುಪಾಸು. ಕೆಲವು ನಿಮಿಷ ಕಾದರೆ ಸಾಕು.

ಆ ಲಿಡೊಕೇನ್ ಆದರೂ ಎಲ್ಲಿಂದ ಬಂತು ಗೊತ್ತೇ? ಬಿಳಿಚಿಕೊಂಡ ಬಾರ್ಲಿ ಸಸಿಯಿಂದ! 1930ರ ದಶಕದ ಸ್ಟಾಕ್‌ಹೋಮ್. ನೊಬೆಲ್ ಪುರಸ್ಕೃತ ರಸಾಯನಶಾಸ್ತ್ರಜ್ಞ ಹಾನ್ಸ್ ಫಾನ್ ಆಯ್ಲರ್ ಕೆಲ್ಪಿನ್, ಪತ್ರಹರಿತ್ತು ಕೊರತೆಯಿರುವ ಬಾರ್ಲಿ ತಳಿಗಳನ್ನು ಇಟ್ಟುಕೊಂಡು ಅದೇಕೆ ಹಾಗೆ ಎಂದು ಹುಡುಕುತ್ತಿದ್ದರು. ಆ ಗಿಡಗಳಲ್ಲಿ ಗ್ರಾಮಿನ್ ಎಂಬ ವಸ್ತು ಸಿಕ್ಕಿತು. ಅದರ ರಚನೆ ತಿಳಿಯಲು ಹೋಲ್ಗರ್ ಎರ್ಡ್‌ಮನ್ ಪ್ರಯೋಗಾಲಯದಲ್ಲಿ ಅದರ ದಾಯಾದಿಯಂಥ ಇನ್ನೊಂದು ವಸ್ತು ತಯಾರಿಸಿದರು. ಆ ಕಾಲದ ರಸಾಯನಶಾಸ್ತ್ರಜ್ಞರ ಅಭ್ಯಾಸದಂತೆ ನಾಲಗೆಗೆ ತಾಗಿಸಿ ನೋಡಿದರು. ನಾಲಗೆ ಮರಗಟ್ಟಿತು! ಬೇರೆ ಯಾರಾದರೂ ಬಾಯಿ ಮುಕ್ಕಳಿಸಿ ಮರೆತುಬಿಡುತ್ತಿದ್ದರೋ ಏನೋ. ಎರ್ಡ್‌ಮನ್ ಮತ್ತು ಅವರ ವಿದ್ಯಾರ್ಥಿ ನಿಲ್ಸ್ ಲೋಫ್‌ಗ್ರೆನ್ ಅದರ ಬೆನ್ನು ಹತ್ತಿದರು. ಒಂದಾದ ಮೇಲೊಂದು ವಸ್ತು ತಯಾರಿಸಿ, ಒಂದು ಕಿರಿಕಿರಿ, ಇನ್ನೊಂದು ದುರ್ಬಲ ಎಂದು ಬದಿಗಿಟ್ಟು, ಕೊನೆಗೆ 1943ರಲ್ಲಿ ಲೋಫ್‌ಗ್ರೆನ್ ತಮ್ಮ ಕಿರಿಯ ಸಹಾಯಕ ಬೆಂಗ್ಟ್ ಲುಂಡ್‌ಕ್ವಿಸ್ಟ್ ಜೊತೆ ಗುರಿ ಮುಟ್ಟಿದರು. ಲುಂಡ್‌ಕ್ವಿಸ್ಟ್ ಅದನ್ನು ಮೊದಲು ಚುಚ್ಚಿಕೊಂಡದ್ದು ತನ್ನ ಮೈಗೇ. 1948ರಲ್ಲಿ ಅದು ಕ್ಸೈಲೋಕೇನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಹಲ್ಲು ಕೀಳುವಾಗ, ಗಾಯಕ್ಕೆ ಹೊಲಿಗೆ ಹಾಕುವಾಗ ನಮ್ಮ ಊರಿನ ಡಾಕ್ಟರು ಚುಚ್ಚುವ ಲಿಗ್ನೋಕೇನ್ ಕೂಡ ಇದೇ.

ಅದು ಕೆಲಸ ಮಾಡುವ ರೀತಿಯಂತೂ ನಂಬಲಾಗದಷ್ಟು ಸೂಕ್ಷ್ಮ. ನೋವಿನ ಸುದ್ದಿ ನರದಲ್ಲಿ ಓಡುವುದೆಂದರೆ ನರದ ಪೊರೆಯಲ್ಲಿರುವ ಸಣ್ಣ ದ್ವಾರಗಳು ಸಾಲಾಗಿ ತೆರೆದು ಸೋಡಿಯಂ ಕಣಗಳು ಒಳನುಗ್ಗುವುದು. ಲಿಡೊಕೇನಿನ ಅಣು ಹೊರಗಿನಿಂದ ಆ ದ್ವಾರಕ್ಕೆ ಅಡ್ಡ ಕೂರುವುದಿಲ್ಲ. ಮೊದಲು ವಿದ್ಯುದಂಶವಿಲ್ಲದ ರೂಪದಲ್ಲಿ ಕೊಬ್ಬಿನ ಪೊರೆಯನ್ನೇ ದಾಟಿ ನರದ ಒಳಕ್ಕೆ ಹೋಗುತ್ತದೆ. ಅಲ್ಲಿ ವಿದ್ಯುದಂಶ ಪಡೆದು, ಒಳಗಿನಿಂದ ದ್ವಾರವನ್ನು ಮುಚ್ಚುತ್ತದೆ! ಸೋಡಿಯಂ ನಿಂತಿತು, ಸುದ್ದಿ ನಿಂತಿತು. ಗ್ರಂಥಿಗೆ ಸೂಜಿ ನಾಟುತ್ತಿರುತ್ತದೆ, ಮೆದುಳಿಗೆ ಗೊತ್ತೇ ಆಗುವುದಿಲ್ಲ. ಒಂದೆರಡು ಗಂಟೆಯಲ್ಲಿ ಅಣುಗಳು ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಕರಗಿ, ನರ ಮೊದಲಿನಂತಾಗುತ್ತದೆ.

ಆದರೂ ಒಂದು ತುಣುಕಿನ ನೋವು ಉಳಿದಿತ್ತು. ಪ್ರಾಸ್ಟೇಟಿನ ತುದಿಯಿಂದ, ಅಂದರೆ ಗುದದ್ವಾರಕ್ಕೆ ಅತಿ ಹತ್ತಿರದ ಭಾಗದಿಂದ ತೆಗೆಯುವಾಗ, ನರ ಮರಗಟ್ಟಿಸಿದ ಮೇಲೂ ಕೆಲವರು ಚೀರುತ್ತಿದ್ದರು. ಏಕಿರಬಹುದು? ಆ ತುದಿಗೆ ಗುರಿಯಿಡಲು ಹೋಗಿ ಸೂಜಿ ಗೆರೆಯ ಕೆಳಗೆ, ಚರ್ಮದ ನರಗಳ ನಾಡಿಗೆ ಬಂದುಬಿಡುತ್ತಿತ್ತು! ಇದಕ್ಕೆ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸ್ಟೀಫನ್ ಜೋನ್ಸ್ ಮತ್ತು ಕ್ರೆಗ್ ಜಿಪ್ಪಿ 2003ರಲ್ಲಿ ಕೊಟ್ಟ ಪರಿಹಾರಕ್ಕೆ ಯಂತ್ರ ಬೇಡ, ಔಷಧಿ ಬೇಡ, ಕಾಸೂ ಬೇಡ. ಚಿಮ್ಮಿಸುವ ಮೊದಲು ಸೂಜಿಯ ಮೊನೆಯನ್ನು ಗೋಡೆಗೆ ಸುಮ್ಮನೆ ತಾಗಿಸಿ, ಚುಚ್ಚಿದಂತಾಯಿತೇ ಎಂದು ರೋಗಿಯನ್ನು ಕೇಳಿ. ಹೌದೆಂದರೆ ನೀವು ಗೆರೆಯ ಕೆಳಗಿದ್ದೀರಿ. ಅಲ್ಟ್ರಾಸೌಂಡಿನ ಕಡ್ಡಿಯನ್ನು, ಅಂದರೆ ಪ್ರೋಬನ್ನು, ಸ್ವಲ್ಪ ಮೇಲಕ್ಕೆ ಸರಿಸಿ, ಅಲ್ಲಿಂದ ಕೋನ ತಿರುಗಿಸಿ ತುದಿಗೆ ಗುರಿಯಿಡಿ. ಇಷ್ಟೇ! ರೋಗಿಯನ್ನು ಕೇಳುವುದೇ ಒಂದು ಅರಿವಳಿಕೆ. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಶೋಧ ಇದು.

ಪ್ರೋಬ್ ಒಳಸೇರುವಾಗಿನ ಸಂಕಟಕ್ಕೆ ನರದ ಇಂಜೆಕ್ಷನ್ ನಾಟುವುದಿಲ್ಲ, ಅದು ಬೇರೆ ನರಗಳ ದೂರು. ಅದಕ್ಕೆ ಮರಗಟ್ಟಿಸುವ ಜೆಲ್ ಅಥವಾ ಕ್ರೀಮನ್ನು ಮೊದಲೇ ಹಚ್ಚಿ ಹೊತ್ತು ಕೊಡಬೇಕು. ಅವಸರದಲ್ಲಿ ಹಚ್ಚಿ ಆ ಕ್ಷಣವೇ ಶುರುಮಾಡಿದರೆ ಹಚ್ಚಿದ್ದು ಜಾರಿಕೆಗಷ್ಟೇ ಸಾಕು. ಲಿಗ್ನೋಕೇನ್ ಒಳಹೋಗುವಾಗಿನ ಉರಿಗೂ ಕಾರಣವಿದೆ. ಬಹುಕಾಲ ಕೆಡದಿರಲೆಂದು ಅದನ್ನು ಹುಳಿ ಗುಣದ ದ್ರಾವಣವಾಗಿ ಇಟ್ಟಿರುತ್ತಾರೆ. ಹತ್ತು ಪಾಲಿಗೆ ಒಂದು ಪಾಲು ಸೋಡಿಯಂ ಬೈಕಾರ್ಬೊನೇಟ್ ಬೆರೆಸಿದರೆ ಉರಿ ಇಳಿಯುತ್ತದೆ.

ಇಷ್ಟರಲ್ಲಿ ದಾರಿಯೇ ಬದಲಾಗುತ್ತಿದೆ. ಗುದನಾಳದಲ್ಲಿ ಬ್ಯಾಕ್ಟೀರಿಯಾಗಳ ಸಾಮ್ರಾಜ್ಯ. ಗೋಡೆ ದಾಟುವ ಸೂಜಿ ಅವನ್ನು ರಕ್ತಕ್ಕೆ ಒಯ್ಯಬಹುದು, ಅವುಗಳಲ್ಲಿ ಕೆಲವು ಇಂದು ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತಿಲ್ಲ. ಹಾಗಾಗಿ ಬ್ಯಾರಿಂಜರ್ ಹಿಡಿದಿದ್ದ ಹಳೆಯ ಚರ್ಮದ ದಾರಿಗೆ ವೈದ್ಯರು ಮರಳುತ್ತಿದ್ದಾರೆ. ಚರ್ಮಕ್ಕೆ ನೋವು ಹೆಚ್ಚು, ಅದಕ್ಕೇ ಹಿಂದೆ ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸುತ್ತಿದ್ದರು. ಅಮೆರಿಕದ ಮ್ಯಾಥ್ಯೂ ಅಲವೇ ಅಲ್ಟ್ರಾಸೌಂಡ್ ಪ್ರೋಬಿಗೆ ಜೋಡಿಸುವ ಒಂದು ಸಾಧನ ಮಾಡಿದರು. ಎಡಕ್ಕೊಂದು ಬಲಕ್ಕೊಂದು, ಎರಡೇ ತೂತು. ಎಲ್ಲ ತುಣುಕೂ ಆ ಎರಡರಿಂದಲೇ. ಹಾಗಾಗಿ ಮರಗಟ್ಟಿಸಬೇಕಾದದ್ದೂ ಎರಡೇ ಕಡೆಯ ಚರ್ಮ ಮತ್ತು ಅದರಾಚೆಯ ನರ. ಎಚ್ಚರವಾಗಿರುವ ರೋಗಿಗೆ ಕ್ಲಿನಿಕ್ಕಿನಲ್ಲೇ ಮಾಡಿ ಮನೆಗೆ ಕಳುಹಿಸಬಹುದು. ಬ್ರಿಟನ್ನಿನಲ್ಲಿ 1,126 ಗಂಡಸರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ‘ಟ್ರಾನ್ಸ್‌ಲೇಟ್’ ಅಧ್ಯಯನದಲ್ಲಿ, ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಚರ್ಮದ ದಾರಿಯಲ್ಲಿ ನೂರಕ್ಕೆ 60 ಮಂದಿಯಲ್ಲಿ ಪತ್ತೆಯಾಯಿತು, ಗುದನಾಳದ ದಾರಿಯಲ್ಲಿ 54 ಮಂದಿಯಲ್ಲಿ. ನೋವು ಮತ್ತು ಮುಜುಗರ ಮಾತ್ರ ಚರ್ಮದ ದಾರಿಯಲ್ಲೇ ಹೆಚ್ಚೆಂದು ರೋಗಿಗಳು ಹೇಳಿದರು. ಅಂದರೆ ಚರ್ಮದ ನರಗಳನ್ನು ಇನ್ನೂ ಚೆನ್ನಾಗಿ ಮರಗಟ್ಟಿಸುವ ಕೆಲಸ ನಮ್ಮ ಕಾಲದ ವೈದ್ಯರಿಗೆ ಉಳಿದಿದೆ.

ಮನಸ್ಸಿಗೂ ನೋವಿಗೂ ನಡುವಿನ ನಂಟು ಬೇರೆಯದೇ ವಿಸ್ಮಯ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು 88 ಮಂದಿಯ ಮೇಲೆ ನಡೆಸಿದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ಕೆಲವರ ಕಿವಿಗೆ ಹೊರಗಿನ ಸದ್ದು ಅಡಗಿಸುವ ಹೆಡ್‌ಫೋನ್ ಹಾಕಿ ಬಾಖ್ ಸಂಗೀತ ಕೇಳಿಸಿದರು. ಬಯಾಪ್ಸಿ ಮುಗಿದಾಗ ಉಳಿದವರ ಕೆಳಗಿನ ರಕ್ತದೊತ್ತಡ ಏರಿತ್ತು, ಸಂಗೀತ ಕೇಳಿದವರದು ಏರಿರಲಿಲ್ಲ! ಮನಸ್ಸು ಸಂಗೀತದ ಕಡೆ ಹೋದರೆ ಬೆಚ್ಚುವುದು ಕಡಿಮೆಯಾಗಬಹುದು. ನಮ್ಮವರಿಗೆ ಬಾಖ್ ಏಕೆ, ಇಷ್ಟದ ರಾಗವೋ ಭಾವಗೀತೆಯೋ ಸಾಕಲ್ಲ. ಪಕ್ಕದಲ್ಲಿ ನಿಂತ ನರ್ಸಮ್ಮ, ಈಗ ಸದ್ದಾಗುತ್ತೆ ಯಜಮಾನ್ರೇ, ಇನ್ನು ನಾಲ್ಕೇ ಇರೋದು ಎಂದು ಎಣಿಸುತ್ತಿದ್ದರೂ ಮೈ ಸಡಿಲವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ನೋವುನಿವಾರಣೆ ಯಾವುದು? ಸೂಜಿಯೇ ಬೇಡವಾಗುವುದು! ಲಂಡನ್ನಿನ ವೈದ್ಯರ ನೇತೃತ್ವದಲ್ಲಿ 500 ಗಂಡಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ಪ್ರಿಸಿಷನ್’ ಅಧ್ಯಯನ ಅದನ್ನು ತೋರಿಸಿತು. ಮೊದಲು ಎಂಆರ್‌ಐ, ಅನುಮಾನದ ಜಾಗ ಕಂಡರೆ ಮಾತ್ರ ಅಲ್ಲಿಗೇ ಗುರಿಯಿಟ್ಟು ಸೂಜಿ. ಹಾಗೆ ಮಾಡಿದಾಗ ಎಂಆರ್‌ಐ ಗುಂಪಿನ ನೂರಕ್ಕೆ 28 ಮಂದಿ ಸೂಜಿಯನ್ನೇ ಕಾಣದೆ ಮನೆಗೆ ಹೋದರು. ಆದರೂ ಅಪಾಯಕಾರಿ ಕ್ಯಾನ್ಸರ್ ಸಿಕ್ಕಿದ್ದು ಆ ಗುಂಪಿನಲ್ಲೇ ಹೆಚ್ಚು: ಹಳೆಯ ಕ್ರಮದಲ್ಲಿ ನೂರಕ್ಕೆ 26, ಹೊಸದರಲ್ಲಿ 38. ಚುಚ್ಚಿದ್ದು ಕಡಿಮೆ, ಕಂಡದ್ದು ಹೆಚ್ಚು!

ನಿಮಗೋ, ನಿಮ್ಮ ತಂದೆಗೋ, ಮಾವನಿಗೋ ಪ್ರಾಸ್ಟೇಟ್ ಬಯಾಪ್ಸಿ ಬರೆದುಕೊಟ್ಟಿದ್ದರೆ, ದಯವಿಟ್ಟು ಭಯಕ್ಕೆ ಮುಂದೂಡಬೇಡಿ. ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ: ಮೊದಲು ಎಂಆರ್‌ಐ ಮಾಡಿಸಬಹುದೇ? ಯಾವ ದಾರಿಯಿಂದ ಸೂಜಿ ಹಾಕುತ್ತೀರಿ? ಪ್ರಾಸ್ಟೇಟಿನ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೀರಾ? ಅದು ಹಿಡಿಯುವಷ್ಟು ಹೊತ್ತು ಕಾಯುತ್ತೀರಾ? ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಲ್ಲಿನ ಡಾಕ್ಟರ ಬಳಿ ಲಿಗ್ನೋಕೇನ್ ಒಗ್ಗದೆ ಹೋಗಿದ್ದರೆ ಮೊದಲೇ ತಿಳಿಸಿ. ನಡುವೆ ನೋವಾದರೆ ಸಹಿಸಿಕೊಂಡು ಮಲಗಬೇಡಿ, ನಿಲ್ಲಿಸಿ ಎಂದು ಹೇಳಿ. ಇನ್ನಷ್ಟು ಔಷಧಿ ಕೊಡಬಹುದೇ ಎಂದು ಅವರು ನೋಡುತ್ತಾರೆ. ಆಮೇಲೆ ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತದ ಬಣ್ಣ ಕಾಣಿಸುವುದು ಸಾಮಾನ್ಯ. ಚಳಿಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.